ಹೊನ್ನಗುಡ್ಡದ ಎಪ್ಪತ್ತೆರಡು ತಾಸು

ಆ ಮೂರು ದಿನ ನನಗೆ ಒಪ್ಪಿಸಿದ್ದ ಕೆಲಸ ಒಂದೇ: ಅರ್ಥವಾಗದಿದ್ದಾಗ ಗಂಟೆ ಬಾರಿಸುವುದು.

ನಗಬೇಡಿ. ಎಪ್ಪತ್ತೆರಡು ತಾಸಿನ ಕೂಟ ಎಂದು ಒಂದಿದೆ. ವರ್ಷಕ್ಕೊಮ್ಮೆ ಮೂವತ್ತು ಮಂದಿ ಎಳೆಯ ವಿಜ್ಞಾನಿಗಳು ಯಾವುದಾದರೂ ಒಂದು ಊರಿಗೆ ಬಂದಿಳಿಯುತ್ತಾರೆ. ಗುರುವಾರ ರಾತ್ರಿ ಎಂಟಕ್ಕೆ ಕೆಲಸ ಹಿಡಿದರೆ ಭಾನುವಾರ ರಾತ್ರಿ ಎಂಟಕ್ಕೆ ಸಂಶೋಧನೆ ಮುಗಿಸಿ ಕೈಗೆ ಕೊಡಬೇಕು. ಮೂವತ್ತೆರಡು ದಾಟಿದವರಿಗೆ ಪ್ರವೇಶವಿಲ್ಲ. ಒಂದು ತಂಡದಲ್ಲಿ ಒಂದೇ ವಿಷಯ ಓದಿದ ಇಬ್ಬರು ಇರುವಂತಿಲ್ಲ. ಊಟ, ನಿದ್ದೆ ಎಲ್ಲ ಊರವರ ಮನೆಗಳಲ್ಲೇ. ಇದರ ಮೇಲೆ ಪ್ರತಿ ತಂಡದ ಜೊತೆ ಊರಿನವನೊಬ್ಬ ಹಿತ್ತಾಳೆ ಗಂಟೆ ಹಿಡಿದು ಕೂರಬೇಕು. ಅವನಿಗೆ ಮಾತು ತಿಳಿಯದಿದ್ದರೆ ಗಂಟೆ ಬಾರಿಸುತ್ತಾನೆ, ಮಾತಾಡುತ್ತಿದ್ದವರು ನಿಲ್ಲಿಸಿ ಮೊದಲಿನಿಂದ ಹೇಳಬೇಕು.

ಇಪ್ಪತ್ತಾರು ವರ್ಷ ಹೊನ್ನಗುಡ್ಡದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ತಿಳಿಯಲಿಲ್ಲ ಎಂದ ಮಕ್ಕಳ ಮೇಲೆ ರೇಗುತ್ತ ಬಂದವನು ನಾನು. ತಿಳಿಯಲಿಲ್ಲ ಎನ್ನುವುದೇ ನನ್ನ ಕೆಲಸವಾದದ್ದು ನನ್ನ ಹೆಂಡತಿ ಹುಲಿಗೆಮ್ಮನಿಗೆ ವಿಪರೀತ ಖುಷಿ ಕೊಟ್ಟಿತು.

“ಇಷ್ಟು ವರ್ಷಕ್ಕ ಅಮರಪ್ಪ ಮಾಸ್ತರಿಗೆ ಒಪ್ಪೋ ನೌಕರಿ ಸಿಕ್ತು ನೋಡ್ರಿ,” ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಅವಳು ನಕ್ಕಿದ್ದು ಅಷ್ಟೇ. ಆ ವಾರ ನಮ್ಮ ಮನೆಯಲ್ಲಿ ನಗುವಂಥದ್ದು ಬೇರೆ ಏನೂ ಇರಲಿಲ್ಲ.

ನಮ್ಮದು ಎರಡು ಸಲ ಹುಟ್ಟಿದ ಊರು. ಚಿನ್ನದ ಗಣಿ ಮುಚ್ಚಿದಾಗ ಇದರ ಕಥೆ ಮುಗಿಯಿತು ಎಂದವರೇ ಎಲ್ಲ. ಇಪ್ಪತ್ತು ವರ್ಷ ಐದು ಶಾಫ್ಟುಗಳು, ನೆಲದೊಳಕ್ಕೆ ನೆಟ್ಟಗೆ ಕೊರೆದ ಗಣಿಬಾವಿಗಳು, ಬಾಯಿ ತೆರೆದುಕೊಂಡು ಸುಮ್ಮನೆ ಬಿದ್ದಿದ್ದವು. ಆಮೇಲೆ ಸುತ್ತಲ ಬಯಲಿನ ತುಂಬ ಸೌರ ಫಲಕಗಳು ಬಂದವು. ಹಗಲಿನ ಕರೆಂಟು ಬೇಕಾದಷ್ಟು, ಕತ್ತಲಾದರೆ ಇಲ್ಲ. ಅದನ್ನು ಕೂಡಿಡುವುದೆಲ್ಲಿ? ನಮ್ಮ ಶಾಫ್ಟುಗಳಲ್ಲಿ. ಒಂದೊಂದು ಶಾಫ್ಟಿನಲ್ಲೂ ಐನೂರು ಟನ್ ತೂಕದ ಕಬ್ಬಿಣದ ತೊಟ್ಟಿ. ಅದರೊಳಗೆ ನಮ್ಮ ಅಜ್ಜಂದಿರು ಅಗೆದು ಬಿಸಾಕಿದ ಕಲ್ಲು. ಬಿಸಿಲಿರುವಾಗ ಮಿಕ್ಕ ಕರೆಂಟಿನಿಂದ ಅದನ್ನು ಒಂಬೈನೂರು ಮೀಟರ್ ಆಳದಿಂದ ಮೇಲಕ್ಕೆ ಎಳೆಯುತ್ತಾರೆ. ಸಂಜೆ ನಿಧಾನವಾಗಿ ಕೆಳಗೆ ಬಿಡುತ್ತಾರೆ. ಇಳಿಯುವ ಭಾರ ಜನರೇಟರ್ ತಿರುಗಿಸುತ್ತದೆ. ಬಾವಿಗೆ ಕೊಡ ಬಿಟ್ಟ ಹಾಗೆ, ಆದರೆ ಇಲ್ಲಿ ಇಳಿಯುವ ಕೊಡವೇ ದುಡಿಯುತ್ತದೆ. ಹೊನ್ನಗುಡ್ಡದ ಸಾವಿರದ ಇನ್ನೂರು ಮನೆಗಳಿಗೂ, ಆಚೆಯ ಮೂರು ತಾಲ್ಲೂಕುಗಳಿಗೂ ದೀಪ ಬರುವುದು ಹೀಗೆ.

ಮೂರನೇ ಶಾಫ್ಟಿನ ಚಾಲಕಿ ಹುಲಿಗೆಮ್ಮ. ಅದೇ ಶಾಫ್ಟಿನಲ್ಲಿ ಅವಳ ಅಜ್ಜ ಗಣಿ ಕೆಲಸಗಾರರನ್ನು ಹೊತ್ತ ಪಂಜರ ಇಳಿಸುತ್ತಿದ್ದ. ಅವಳು ಬ್ರೇಕಿನ ಹಿಡಿ ಹಿಡಿದು ಕೂತದ್ದನ್ನು ನೋಡಿದರೆ ನನಗೆ ಈಗಲೂ ಎದೆ ಉಬ್ಬುತ್ತದೆ. ಇದನ್ನು ಅವಳ ಮುಂದೆ ಹೇಳುವುದಿಲ್ಲ.

ಮೂರು ತಿಂಗಳಿಂದ ಊರು ನಡುಗತೊಡಗಿತ್ತು. ಗೋಡೆ ಬಿರಿಯುವಷ್ಟು ಜೋರಾಗಿ ಹನ್ನೊಂದು ಸಲ. ಕಾರಣ ತಿಳಿಯಲಿಲ್ಲ. ಹೆಚ್ಚು ನಡುಗಿದ್ದು ಮೂರನೇ ಶಾಫ್ಟಿನ ಸುತ್ತ ಎಂದು ಯಂತ್ರಗಳು ತೋರಿಸಿದವು. ಅಷ್ಟಕ್ಕೇ ಶಾಫ್ಟು ನಡೆಸುವ ಕಂಪನಿಯವರು ಹುಲಿಗೆಮ್ಮನಿಗೆ ನೋಟಿಸು ಕೊಟ್ಟರು: ಬ್ರೇಕ್ ತಡವಾಗಿ ಹಾಕುತ್ತಿರುವುದರಿಂದ ಕಂಪನವಾಗುತ್ತಿದೆ ಎಂದು ಕಾಣುತ್ತದೆ, ಸೋಮವಾರದೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು. ಅದೇ ಸೋಮವಾರ ಸುರಕ್ಷತಾ ಸಮಿತಿ ಕೂರಲಿತ್ತು. ಕಾರಣ ಸಿಗದಿದ್ದರೆ ಐದೂ ಶಾಫ್ಟು ಶಾಶ್ವತವಾಗಿ ಬಂದ್. ಊರು ಸತ್ತ ಮೇಲೆ ಅದನ್ನು ಸಾಯಿಸಿದವಳು ಹುಲಿಗೆಮ್ಮ ಎಂದು ಕಾಗದದಲ್ಲಿ ಉಳಿಯುತ್ತಿತ್ತು.

ಕೂಟದವರು ಈ ವರ್ಷ ನಮ್ಮ ಊರನ್ನು ಆರಿಸಿಕೊಂಡದ್ದು ಈ ನಡುಕಕ್ಕಾಗಿಯೇ.

ಗಣಿಯ ಹಳೇ ಕ್ಲಬ್ಬಿನ ಹಾಲಿನಲ್ಲಿ ಹತ್ತು ತಂಡ ಕೂತವು. ನಡುಕದ ಪ್ರಶ್ನೆ ಸಿಕ್ಕ ತಂಡಕ್ಕೆ ನಾನು ಗಂಟೆಯವನು. ಅದರಲ್ಲಿ ಮೂವರು. ಬೀದರಿನ ತಂಜೀಲಾ ನೆಲದ ಕಂಪನ ಓದಿದವಳು, ನಮ್ಮ ಮನೆಯ ಅತಿಥಿಯೂ ಅವಳೇ. ಮಂಗಳೂರಿನ ಡೆರಿಕ್ ಭೌತಶಾಸ್ತ್ರದವನು, ಕೂತಲ್ಲೇ ಕಾಲು ಕುಣಿಸುತ್ತಿರುತ್ತಾನೆ. ಚಾಮರಾಜನಗರದ ಸಿದ್ದರಾಜು ಇರುವೆಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವನು.

“ಇರುವೆಗೂ ನಮ್ಮ ಊರಿಗೂ ಏನಪ್ಪಾ ಸಂಬಂಧ?” ಎಂದು ನಾನು ಮೊದಲ ಗಂಟೆ ಬಾರಿಸಿದೆ.

“ಸಾ, ಒಂದ್ ಇರುವೆಗೆ ಏನೂ ಗೊತ್ತಿಲ್ಲ. ಹತ್ತ್ ಸಾವಿರ ಸೇರುದ್ರೆ ಸೇತುವೆ ಕಟ್ತವೆ. ಯಾರೂ ಹೇಳ್ಕೊಡಕಿಲ್ಲ. ಅದೆಂಗೆ ಅಂತ ಹುಡುಕೋದೇ ನಮ್ ಕೆಲಸ. ಇರುವೆಯಾದ್ರೇನು, ಬಂಡೆಯಾದ್ರೇನು, ಊರಾದ್ರೇನು?”

ಇದಕ್ಕೆ ಸಂಕೀರ್ಣತೆಯ ವಿಜ್ಞಾನ ಎಂದು ಹೆಸರಂತೆ. ಆ ಹೆಸರಿಗೂ ಒಂದು ಸಲ ಬಾರಿಸಿದೆ. ಶುಕ್ರವಾರ ಮಧ್ಯಾಹ್ನದೊಳಗೆ ಒಟ್ಟು ಹದಿನಾಲ್ಕು ಸಲ ಬಾರಿಸಿದ್ದೆ. ಒಬ್ಬರ ಮುಖದಲ್ಲೂ ಬೇಸರ ಕಾಣಲಿಲ್ಲ. ಡೆರಿಕ್ ಅಂತೂ ಎದ್ದು ನಿಂತು, ಹಲಗೆಯ ಮೇಲೆ ಬರೆದದ್ದನ್ನೆಲ್ಲ ಅಳಿಸಿ, “ಆಯ್ತು ಮಾರಾಯ್ರೆ, ನಾನು ಹೇಳಿದ್ದೇ ಸರಿ ಇಲ್ಲ,” ಎಂದು ಮತ್ತೆ ಶುರು ಮಾಡುತ್ತಿದ್ದ. ನಾನು ತರಗತಿಯಲ್ಲಿ ಈ ಮಾತನ್ನು ಒಂದು ಸಲವಾದರೂ ಹೇಳಿದ್ದೇನೆಯೇ ಎಂದು ಯೋಚಿಸಿ ನಾಚಿಕೆಯಾಯಿತು.

ಊರಿನಾದ್ಯಂತ ನೆಲದಲ್ಲಿ ಹೂತಿಟ್ಟ ನಲವತ್ತು ಕಂಪನ ಮಾಪಕಗಳ ಮೂರು ತಿಂಗಳ ದಾಖಲೆ ಅವರ ಕೈಯಲ್ಲಿತ್ತು. ಅದನ್ನು ಮೊದಲು ತಂಜೀಲಾ ತೆಗೆದುಕೊಂಡಳು. ಅವಳ ಕೆಲಸ ಮುಗಿದ ಮೇಲೆ ಡೆರಿಕ್‌ಗೆ ಕೊಟ್ಟಳು, ಅವನು ಸಿದ್ದರಾಜುವಿಗೆ ಕೊಟ್ಟ. ಕೊಡುವಾಗ ಮೂವರೂ ಒಂದೇ ಮಾತು ಹೇಳಿದರು: “ಸ್ವಚ್ಛ ಮಾಡಿ ಕೊಟ್ಟಿದ್ದೇನೆ.” ಬೇರೆ ವಿಷಯದವರಿಗೆ ಕಸ ತುಂಬಿದ ಮಾಹಿತಿ ಕೊಡುವುದು ಈ ಕೂಟದಲ್ಲಿ ದೊಡ್ಡ ಅವಮರ್ಯಾದೆ, ಅತಿಥಿಗೆ ಎಂಜಲು ತಟ್ಟೆ ಕೊಟ್ಟ ಹಾಗೆ. ನಾನು ಗಂಟೆ ಮುಟ್ಟಲಿಲ್ಲ. ಸ್ವಚ್ಛ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ?

ಆ ರಾತ್ರಿ ಊಟಕ್ಕೆ ಕೂತಾಗ ಹುಲಿಗೆಮ್ಮ ತಂಜೀಲಾಳ ತಟ್ಟೆಗೆ ಮೂರನೇ ರೊಟ್ಟಿ ಹಾಕಿದಳು.

“ಸಾಕ್ರಿ ಅಕ್ಕಾ.”

“ಏನ್ ಸಾಕ? ನೆಲಾ ಅಳಿಯೋ ಹುಡುಗಿ, ಗಟ್ಟಿ ಇರಬೇಕ. ಒಂದ್ ಮಾತ್ ಕೇಳ್ತೀನಿ, ಖರೇ ಹೇಳವಾ. ಒಂದ್ ಸೆಕೆಂಡ್ ತಡಾ ಬ್ರೇಕ್ ಹಾಕಿದ್ರ ಭೂಮಿ ನಡಗ್ತೈತೇನು?”

ತಂಜೀಲಾ ಅಗಿಯುವುದನ್ನು ನಿಲ್ಲಿಸಿದಳು. “ನೀವು ತಡಾ ಹಾಕೀರೇನ್ರಿ?”

“ಹದಿನೆಂಟು ವರ್ಷದಾಗ ಒಮ್ಮಿನೂ ಇಲ್ಲ.”

“ಹಂಗಾರ ನಾ ಹುಡುಕ್ತೀನ್ರಿ ಅಕ್ಕಾ. ನೀವ್ ಹಾಕಿಲ್ಲ ಅಂದಮ್ಯಾಲ ಕಾರಣ ಬ್ಯಾರೆ ಎಲ್ಲೋ ಇರಬೇಕ.”

ಹುಲಿಗೆಮ್ಮ ತಟ್ಟನೆ ಒಳಗೆ ಹೋದಳು. ನೋಟಿಸು ಬಂದ ದಿನದಿಂದ ಅವಳ ಮಾತನ್ನು ಸುಮ್ಮನೆ ನಂಬಿದವರು ಯಾರೂ ಇರಲಿಲ್ಲ. ನಾನೂ ಸೇರಿ. ಕ್ಷಮೆ ಕೇಳಿ ಒಂದು ವಿವರಣೆ ಬರೆದುಬಿಡೋಣ ಎಂದು ಎರಡು ಪುಟದ ಕರಡು ಮಾಡಿ ಇಟ್ಟಿದ್ದವನು ನಾನು.

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಉತ್ತರ ಬಂತು. ಬರಬಾರದ ಉತ್ತರ.

ಸ್ವಚ್ಛ ಮಾಡಿದ ದಾಖಲೆಯಲ್ಲಿ ಉಳಿದದ್ದು ಸಾವಿರಾರು ಸಣ್ಣ ಚಟಪಟ ಸದ್ದು, ಕೆಲವು ಮಧ್ಯಮ, ಒಂದೆರಡು ದೊಡ್ಡವು. ಯಾವುದಕ್ಕೂ ಹೊತ್ತಿಲ್ಲ, ಗೊತ್ತಿಲ್ಲ. ಡೆರಿಕ್ ಹೇಳಿದ ಪ್ರಕಾರ ಅದು ಮರಳಿನ ಗುಡ್ಡೆಯ ಲಕ್ಷಣ. ಒಂದೊಂದೇ ಕಾಳು ಹಾಕುತ್ತ ಹೋದರೆ ಗುಡ್ಡೆ ಒಂದು ಹಂತದಲ್ಲಿ ತುದಿಗೆ ಬಂದು ನಿಲ್ಲುತ್ತದೆ. ಮುಂದಿನ ಕಾಳಿಗೆ ಏನೂ ಆಗದಿರಬಹುದು, ಅರ್ಧ ಗುಡ್ಡೆಯೇ ಜಾರಬಹುದು. ನಮ್ಮ ಕೆಳಗಿನ ಬಂಡೆ ಹಾಗೆ ತುದಿಯಲ್ಲಿ ನಿಂತಿದೆ. ಕಾರಣ ಯಾರೂ ಅಲ್ಲ, ಉಪಾಯ ಏನೂ ಇಲ್ಲ. ಶಾಫ್ಟುಗಳನ್ನು ನಿಲ್ಲಿಸಿ ಊರು ಖಾಲಿ ಮಾಡಬೇಕು.

“ಅಂದ್ರೆ ಅಕ್ಕನ ತಪ್ಪಿಲ್ಲ ಅಂತ ಆಯ್ತಲ್ವಾ,” ಎಂದ ಸಿದ್ದರಾಜು, ಯಾರಾದರೂ ಹೌದೆನ್ನಲಿ ಎಂಬಂತೆ.

ಡೆರಿಕ್‌ನ ಕಾಲು ಕುಣಿಯುವುದು ನಿಂತಿತ್ತು. ಈ ಸಲ ನನಗೆ ಎಲ್ಲ ಚೆನ್ನಾಗಿ ಅರ್ಥವಾಗಿತ್ತು, ಗಂಟೆ ಬಾರಿಸುವ ಅಗತ್ಯವಿರಲಿಲ್ಲ.

ಆರು ಗಂಟೆಗೆ ನಾನೂ ತಂಜೀಲಾಳೂ ಮನೆಗೆ ಬಂದೆವು. ಹುಲಿಗೆಮ್ಮ ಪಾಳಿಯಲ್ಲಿದ್ದಳು. ಸಂಜೆ ಪಾಳಿ ಇದ್ದಾಗ ಅಡುಗೆ ನನ್ನದು. ನಾನು ಬಡಿಯುವ ರೊಟ್ಟಿ ಭೂಪಟದ ಆಕಾರದಲ್ಲಿರುತ್ತದೆ, ಅದು ಬೇರೆ ಮಾತು. ಹಿಟ್ಟು ನಾದಿ, ಹಂಚು ಇಟ್ಟು, ಒಲೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತೆ. ತಂಜೀಲಾ ಅಡುಗೆಮನೆಯ ನೆಲದ ಮೇಲೆ ಕೂತು ತೊಡೆಯ ಮೇಲಿನ ಪರದೆಯಲ್ಲಿ ಗ್ರಾಫು ನೋಡುತ್ತಿದ್ದಳು.

“ಯಾಕ್ರಿ ಸರ್, ಒಲಿ ಹಚ್ಚವಲ್ರಿ?”

“ಭೋಂಗಾ ಆಗಬೇಕಲ್ಲವಾ.”

ಅವಳಿಗೆ ಹೇಳಬೇಕಾಯಿತು. ಗಣಿ ನಡೆಯುತ್ತಿದ್ದಾಗ ಹಗಲು ಪಾಳಿಯವರೆಲ್ಲ ಮೇಲೆ ಬಂದರೆಂದು ಆರೂವರೆಗೆ ಸೈರನ್ ಕೂಗುತ್ತಿತ್ತು, ಅದೇ ಭೋಂಗಾ. ಗಂಡ, ಮಗ ಇನ್ನೂ ನೆಲದ ಕೆಳಗಿರುವಾಗ ಮನೆಯಲ್ಲಿ ಹಂಚು ಕಾಯಿಸುವುದು ಅಪಶಕುನ ಎಂದು ಹೆಂಗಸರು ಭೋಂಗಾ ಆಗುವ ತನಕ ಒಲೆ ಹಚ್ಚುತ್ತಿರಲಿಲ್ಲ. ಗಣಿ ಹೋಯಿತು, ಭೋಂಗಾ ಉಳಿಯಿತು. ನಿಲ್ಲಿಸಲು ಊರು ಒಪ್ಪಲಿಲ್ಲ. ಇವತ್ತಿಗೂ ಹೊನ್ನಗುಡ್ಡದಲ್ಲಿ ಆರೂವರೆಗೆ ಮೊದಲು ಯಾರ ಮನೆಯಲ್ಲೂ ಸಂಜೆಯ ಒಲೆ ಉರಿಯುವುದಿಲ್ಲ.

ಹೇಳುತ್ತಿದ್ದ ಹಾಗೆ ಭೋಂಗಾ ಕೂಗಿತು. ಸ್ವಿಚ್ಚು ಒತ್ತಿದೆ. ಹಂಚು ಕಾಯುವಷ್ಟರಲ್ಲಿ ಗೋಡೆಯ ಹಲಗೆಯ ಮೇಲಿನ ಪಾತ್ರೆಗಳ ಮುಚ್ಚಳಗಳು ಕಿಣಿಕಿಣಿ ಎಂದು ಒಂದು ಕ್ಷಣ ಸದ್ದು ಮಾಡಿ ಸುಮ್ಮನಾದವು.

ತಂಜೀಲಾ ತಲೆ ಎತ್ತಿದಳು. “ಏನ್ರಿ ಅದು?”

“ಏನಿಲ್ಲ, ದಿನಾ ಆಗತೈತಿ. ಸಣ್ಣಾಂವ ಇದ್ದಾಗಿಂದ ಕೇಳೀನಿ. ಪಾತ್ರಿ ಸದ್ದ ಮಾಡಿದ್ರ ಕೆಳಗ ಕೆಲಸ ನಡದೈತಿ ಅಂತಿದ್ದ ನಮ್ಮಪ್ಪ. ನಡಬರಕ ನಿಂತಿತ್ತು, ಈಗ ಮತ್ತ ಶುರು ಆಗೈತಿ.”

“ಮತ್ತ ಅಂದ್ರ ಯಾವಾಗಿಂದ?”

“ಮೂರು ತಿಂಗಳಾತು.” ಹೇಳುತ್ತಲೇ ಅವಳ ಕಡೆ ತಿರುಗಿದೆ. ಊರು ನಡುಗತೊಡಗಿದ್ದೂ ಆಗಿನಿಂದಲೇ.

ಅವಳು ಪರದೆಯ ಮೇಲೆ ಬೆರಳಾಡಿಸಿ ಹಿಂದಿನ ಸಂಜೆ ಆರು ಮೂವತ್ತೆರಡರ ನಿಮಿಷ ತೆಗೆದಳು. ಗೆರೆ ನೆಟ್ಟಗೆ, ಸಪಾಟಾಗಿತ್ತು. ಮೊನ್ನೆಯದು ತೆಗೆದಳು. ಅದೂ ಸಪಾಟು. ಒಂದು ವಾರದ ಹಿಂದಿನದು, ಒಂದು ತಿಂಗಳ ಹಿಂದಿನದು, ಎಲ್ಲ ಸಪಾಟು. ಮುಚ್ಚಳ ದಿನವೂ ಸದ್ದು ಮಾಡುತ್ತದೆ, ಯಂತ್ರಕ್ಕೆ ಕೇಳುವುದಿಲ್ಲ!

“ಸ್ವಚ್ಛ ಮಾಡೀವಿ ಅಂದ್ರಲ್ಲ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. “ಏನೇನ್ ತಗದ್ರಿ?”

ಇದೇ ಪ್ರಶ್ನೆ ಶುಕ್ರವಾರ ಕೇಳಬೇಕಿತ್ತು. ಅದಕ್ಕೆಂದೇ ನನ್ನನ್ನು ಅಲ್ಲಿ ಕೂರಿಸಿದ್ದರು. ತಿಳಿಯದ ಮಾತಿಗೆಲ್ಲ ಬಾರಿಸಿದವನು, ತಿಳಿದಿದೆ ಎಂದುಕೊಂಡ ಮಾತಿಗೆ ಸುಮ್ಮನಿದ್ದೆ.

ಒಲೆ ಆರಿಸಿ ಇಬ್ಬರೂ ಕ್ಲಬ್ಬಿಗೆ ಓಡಿದೆವು. ನನ್ನ ವಯಸ್ಸಿಗೆ ಅದು ಓಟವೇ.

“ನಾ ಭೋಂಗಾದ ನಿಮಿಷ ತಗದೀನಿ,” ಎಂದಳು ತಂಜೀಲಾ ಏದುಸಿರು ಬಿಡುತ್ತ. “ಮಂದಿ ಮಾಡೋ ಸದ್ದ ಅದು, ನೆಲದ ಸದ್ದ ಅಲ್ಲ ಅಂತ. ಡೆರಿಕ್, ನೀ ಏನ್ ತಗದಿ?”

“ದಿನಾ ಒಂದೇ ಹೊತ್ತಿಗೆ ಬರುವುದನ್ನೆಲ್ಲ ತೆಗೆದೆ. ಬಿಸಿಲು, ಗಾಳಿ, ಬಸ್ಸು ಅಂತ ಬರ್ತದಲ್ವಾ.” ಅವನು ಸಿದ್ದರಾಜುವಿನ ಕಡೆ ತಿರುಗಿದ. “ಸಿದ್ದು, ನೀನು ಎಂತ ಮಾಡಿದ್ದು?”

ಸಿದ್ದರಾಜು ಎರಡೂ ಕೈಯಿಂದ ತಲೆ ಹಿಡಿದುಕೊಂಡ. “ನಾನು ನಲವತ್ತೂ ಮಾಪಕ ಒಟ್ಟಿಗೆ ಎಗರಿದ ಜಾಗನೆಲ್ಲ ಕಿತ್ತಾಕ್ದೆ. ನಮ್ ಲ್ಯಾಬಲ್ಲಿ ಇರುವೆಗಳೆಲ್ಲ ಒಂದೇ ಸಲ ಎಗರುದ್ರೆ ಯಾರೋ ಮೇಜಿಗೆ ಮಂಡಿ ತಗುಲ್ಸವ್ರೆ ಅಂತ ಅರ್ಥ. ಆ ವಿಡಿಯೊನ ಬಿಸಾಕ್ತೀವಿ.”

ಮನುಷ್ಯರದ್ದನ್ನು ಒಬ್ಬಳು ತೆಗೆದಳು, ದಿನವೂ ಆಗುವುದನ್ನು ಒಬ್ಬ, ಎಲ್ಲ ಕಡೆ ಒಟ್ಟಿಗೆ ಆಗುವುದನ್ನು ಇನ್ನೊಬ್ಬ. ಮೂರೂ ಅವರವರ ಶಾಸ್ತ್ರದಲ್ಲಿ ಒಳ್ಳೆಯ ಅಭ್ಯಾಸಗಳೇ. ಮನುಷ್ಯರಿಂದ, ದಿನವೂ, ಎಲ್ಲ ಕಡೆ ಒಟ್ಟಿಗೆ ಆಗುವ ಒಂದು ಸಂಗತಿ ಇದ್ದರೆ ಅದು ಈ ಮೂವರ ಕೈಯಿಂದ ಉಳಿಯುವ ಸಾಧ್ಯತೆಯೇ ಇರಲಿಲ್ಲ. ಮಿಕ್ಕದ್ದೆಲ್ಲ ಯಾವ ಬಂಡೆಯಲ್ಲೂ ಇರುವ ಸಾದಾ ಚಟಪಟ. ಅದನ್ನು ನೋಡಿ ನಮ್ಮ ಊರನ್ನು ಖಾಲಿ ಮಾಡಿಸಲು ಹೊರಟಿದ್ದರು.

ಬೈಯಬೇಕೆಂದು ಬಾಯಿ ತೆರೆದೆ. ಆದರೆ ಆ ಮೂವರೂ ಒಬ್ಬರ ಮೇಲೊಬ್ಬರು ತಪ್ಪು ಹಾಕುವುದು ಬಿಟ್ಟು, ತಂತಮ್ಮ ತಪ್ಪನ್ನು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರು, ಕೆಳಗೆ ಹೆಸರು ಸಹಿತ. ಬಾಯಿ ಮುಚ್ಚಿಕೊಂಡು ಎದ್ದು ಹೋಗಿ ಅವರ ಹೆಸರುಗಳ ಕೆಳಗೆ ನನ್ನದನ್ನೂ ಬರೆದೆ.

ತೊಳೆಯದ ದಾಖಲೆಯಲ್ಲಿ ಎಲ್ಲ ಇತ್ತು. ದಿನವೂ ಆರು ಮೂವತ್ತೆರಡಕ್ಕೆ ಒಂದು ಮೊನೆ. ಹನ್ನೊಂದು ದಿನ ಅದೇ ಮೊನೆ ಗೋಡೆ ಬಿರಿಯುವಷ್ಟು ಎತ್ತರ. ನಡುಗಿದ್ದು ಸಂಜೆ ಎಂದಷ್ಟೇ ಊರಿಗೆ ನೆನಪು, ಗಡಿಯಾರ ನೋಡಿದವರಿರಲಿಲ್ಲ; ಸ್ವಚ್ಛ ಮಾಡುವಾಗ ಆ ಹನ್ನೊಂದೂ ಕಸದ ಜೊತೆ ಹೋಗಿದ್ದವು. ಗಂಟೆ ಏಳೂ ಆಗಿರಲಿಲ್ಲ. ನಾಲ್ವರೂ ಮೂರನೇ ಶಾಫ್ಟಿನ ಕಂಟ್ರೋಲ್ ರೂಮಿಗೆ ಹೋದೆವು.

ಹುಲಿಗೆಮ್ಮ ಹಿಡಿಯಿಂದ ಕೈ ತೆಗೆಯದೆಯೇ ಮಾತಾಡಿದಳು. “ಆರೂ ಮೂವತ್ತೆರಡಕ್ಕ? ಕೆಂಪು ದೀಪ ಬರತೈತಿ. ದಿನಾ ಬರತೈತಿ. ಭಾರ ಜೋರ್ ಇಳ್ಯಾಕ ಹತ್ತೈತಿ ಅಂತ ಅರ್ಥ. ಬಂದಕೂಡಲೇ ಬ್ರೇಕ್ ಹಾಕ್ತೀನಿ.”

“ಉಳದ ನಾಲ್ಕು ಶಾಫ್ಟಿನ್ಯಾಗ್ರಿ ಅಕ್ಕಾ?”

“ಅವರದು ನನಗೇನ್ ಗೊತ್ತವಾ? ಅವರ ಖೋಲಿ ಅವರಿಗೆ, ನನ್ನ ಖೋಲಿ ನನಗ. ತಡಿ, ಕೇಳೂಣು.”

ನಾಲ್ಕು ಫೋನು ಮಾಡಿದಳು. ನಾಲ್ಕು ಕಡೆಯಿಂದಲೂ ಅದೇ ಉತ್ತರ. ಒಂದೊಂದು ಶಾಫ್ಟಿಗೂ ಅರ್ಧ ಮೈಲಿ ಅಂತರ. ನಡುವಿನದು ಮೂರನೆಯದು, ಹಾಗಾಗಿ ಐದರ ಪೆಟ್ಟೂ ಅದರ ಸುತ್ತಲೇ ಕೂಡುತ್ತಿತ್ತು. ಐವರು ಚಾಲಕರು ಒಬ್ಬರ ಮುಖ ಒಬ್ಬರು ನೋಡದೆ ಮೂರು ತಿಂಗಳಿಂದ ಒಂದೇ ಕ್ಷಣಕ್ಕೆ ಎರಡೂವರೆ ಸಾವಿರ ಟನ್ ಭಾರವನ್ನು ಗಕ್ಕನೆ ನಿಲ್ಲಿಸುತ್ತಿದ್ದರು.

ಕೊಂಡಿಗಳು ಒಂದೊಂದಾಗಿ ಕೂಡಿಕೊಂಡವು. ಮೂರು ತಿಂಗಳ ಹಿಂದೆ ಹೊನ್ನಗುಡ್ಡದ ಪ್ರತಿ ಮನೆಗೂ ಗ್ಯಾಸ್ ತೆಗೆದು ವಿದ್ಯುತ್ ಒಲೆ ಕೊಟ್ಟಿದ್ದರು. ಭೋಂಗಾ ಕೂಗಿದ ತಕ್ಷಣ ಸಾವಿರದ ಇನ್ನೂರು ಒಲೆ ಒಟ್ಟಿಗೆ ಹತ್ತುತ್ತವೆ. ಕರೆಂಟು ಜಗ್ಗುತ್ತದೆ. ಐದೂ ಶಾಫ್ಟಿನ ಯಂತ್ರಗಳು ಕೊರತೆ ತುಂಬಲು ಭಾರವನ್ನು ಜೋರಾಗಿ ಬಿಡುತ್ತವೆ. ಐದೂ ಕಡೆ ಕೆಂಪು ದೀಪ, ಐದೂ ಕಡೆ ಬ್ರೇಕು. ಬಂಡೆ ಅಲುಗದೆ ಏನು ಮಾಡೀತು? ಆ ಹನ್ನೊಂದು ದಿನ ಮಾತ್ರ ಯಾಕೆ ಜೋರು ಎಂದು ಡೆರಿಕ್ ಶಾಫ್ಟಿನ ಲಾಗ್ ಪುಸ್ತಕ ತಿರುವಿದ. ಹನ್ನೊಂದಕ್ಕೆ ಹನ್ನೊಂದು ದಿನವೂ ಐದು ಭಾರಗಳು ಹೆಚ್ಚುಕಡಿಮೆ ಒಂದೇ ಆಳದಲ್ಲಿದ್ದವು, ಐದೂ ಪೆಟ್ಟು ಬಂಡೆಯ ಒಂದೇ ಪದರಕ್ಕೆ ಬಿದ್ದಿದ್ದವು. ಅವನು ಕುಣಿದೇ ಬಿಟ್ಟ.

“ಯಂತ್ರದ ಪ್ರೋಗ್ರಾಮ್ ಬದಲಿಸಿದ್ರೆ ಆಯ್ತಲ್ವಾ?”

“ಅದಕ್ಕ ಮ್ಯಾಲಿನವರ ಪರವಾನಗಿ ಬೇಕು. ಆರು ತಿಂಗಳು,” ಎಂದಳು ಹುಲಿಗೆಮ್ಮ.

“ಭೋಂಗಾನೇ ನಿಲ್ಲುಸ್ಬುಟ್ರೆ?” ಸಿದ್ದರಾಜು ಕೇಳಿದ.

ಹುಲಿಗೆಮ್ಮ ಅವನನ್ನು ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವಳೇ ಕೇಳಿದಳು: “ತಮ್ಮಾ, ನಿನ್ನ ಇರಿವಿ ಸಣ್ಣ ಬಾಗಲದಾಗ ಹೆಂಗ ಹೊಕ್ಕಾವ? ಎಲ್ಲಾ ಒಮ್ಮೆಗೆ ನುಗ್ಗತಾವೇನು?”

“ಇಲ್ಲ ಅಕ್ಕ. ತಂಡ ತಂಡ ಮಾಡ್ಕೊಂಡು ಹೋಯ್ತವೆ. ಒಂದ್ ಗುಂಪು ಹೋದ್ ಮೇಲೆ ಇನ್ನೊಂದು.”

“ಹಂಗಾರ ನಾವೂ ಓಣಿಗೊಂದು ಪಾಳಿ ಮಾಡೂಣು. ಭೋಂಗಾ ಆದಮ್ಯಾಲ ಒಂದನೇ ಓಣಿ ಒಲಿ ಹಚ್ಚಲಿ. ನಾಲ್ಕು ನಿಮಿಷ ಬಿಟ್ಟು ಎರಡನೇದು. ಹಿಂಗ ಆರೂ ಓಣಿ.” ಅಷ್ಟಕ್ಕೇ ನಿಲ್ಲಿಸಲಿಲ್ಲ: “ನಾಳೆ ಐದೂ ಭಾರ ಬೇಕಂತನ ಒಂದ ಆಳದಾಗ ನಿಲ್ಲಸ್ತೀವಿ. ಭಾಳ ಕೆಟ್ಟ ದಿನಾನೇ ಇರಲಿ. ಇಲ್ಲಾಂದ್ರ ಕಮಿಟಿಯವರು ನಂಬೂದಿಲ್ಲ.”

ಮೂವರು ಸಂಶೋಧಕರು ಅವಳನ್ನೇ ನೋಡುತ್ತ ನಿಂತರು. ಪ್ರ‍ಯೋಗ ಹೇಗಿರಬೇಕೆಂದು ಅವರಿಗೆ ಯಾರೂ ಅಷ್ಟು ನೆಟ್ಟಗೆ ಹೇಳಿರಲಿಲ್ಲ ಎಂದು ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಊರು ಸೇರಿತು. ಕಂಪನಿಯ ಸುರಕ್ಷತಾ ಅಧಿಕಾರಿ ಗುರುಬಸಯ್ಯನವರೂ ಬಂದಿದ್ದರು, ಗಂಭೀರ ಮನುಷ್ಯ. ಅರ್ಧ ತಾಸು ಯಾವ ಓಣಿ ಮೊದಲು ಎಂದೇ ಜಗಳವಾಯಿತು. ಒಂದನೆಯವರು ತಾವು ಮೊದಲು ಕಟ್ಟಿದ ಓಣಿ ಎಂದರು. ನಾಲ್ಕನೆಯವರು, ಅಂದರೆ ನಾವು, ಚಾಲಕಿ ನಮ್ಮವಳು ಎಂದೆವು. ಆಗ ಆರನೇ ಓಣಿಯ ಶಿವಗಂಗವ್ವ ಎದ್ದು ನಿಂತಳು. ಎಂಬತ್ತು ದಾಟಿದ ಹೆಂಗಸು. ಅವಳ ಗಂಡ ಒಂದು ಸಂಜೆ ಭೋಂಗಾ ಕೂಗಿದ ಮೇಲೂ ಮೇಲೆ ಬಂದಿರಲಿಲ್ಲ.

“ಕಾಯೋದು ನಮಗ ಹೊಸಾದಲ್ಲ ಬಿಡ್ರಿ,” ಎಂದಳು. “ನಮ್ಮ ಓಣಿ ಕಡೀಕಿರಲಿ.”

ಆಮೇಲೆ ಯಾರೂ ಮೊದಲ ಪಾಳಿ ಕೇಳಲಿಲ್ಲ. ಕೊನೆಯಿಂದ ಎರಡನೆಯದು ಯಾರದು ಎಂದು ಸಣ್ಣ ವಾದವಾಯಿತು ಅಷ್ಟೆ.

ಗುರುಬಸಯ್ಯನವರು ಗಂಟಲು ಸರಿಮಾಡಿಕೊಂಡರು. “ಲೆಕ್ಕ ತಪ್ಪಿದ್ರ ಗೋಡಿ ಬೀಳ್ತಾವ. ಛಾವಣಿ ಕೆಳಗ ಒಬ್ಬರೂ ಇರಬಾರದು. ಮನ್ಯಾಗ ಮಂದಿ ಇಲ್ಲಾಂದ್ರ ಒಲಿ ಯಾರು ಹಚ್ಚತೀರಿ? ನಾ ಇದಕ್ಕ ಸಹಿ ಮಾಡಾಂಗಿಲ್ಲ.”

“ಒಲಿ ಹೊರಗ ತಂದ್ರಾತಲ್ರೀ ಸಾಹೇಬ್ರ!” ಎಂದು ಎರಡನೇ ಓಣಿಯಿಂದ ಒಬ್ಬಳು ಕೂಗಿದಳು. ಮೈದಾನ ನಕ್ಕಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಕಿಟಕಿ ಕಿಟಕಿಯಿಂದ ವೈರು ಎಳೆದು, ಗೋಡೆಗಳಿಂದ ದೂರ ನಡುಬೀದಿಯಲ್ಲಿ ಸಾಲಾಗಿ ಒಲೆ ಇಟ್ಟಾಗಿತ್ತು. ಗುರುಬಸಯ್ಯನವರು ಆರೂ ಓಣಿ ನಡೆದು ನೋಡಿ ಸಹಿ ಮಾಡಿದರು.

ಸಂಜೆಯಾಯಿತು. ನಮ್ಮ ಓಣಿಯಲ್ಲಿ ಇನ್ನೂರು ಒಲೆಗಳ ನಡುವೆ ತಂಜೀಲಾ ಮಾಪಕದ ಪರದೆ ಹಿಡಿದು ಕೂತಳು. ಡೆರಿಕ್ ಮೊದಲನೇ ಓಣಿಯಲ್ಲಿ, ಸಿದ್ದರಾಜು ಶಿವಗಂಗವ್ವನ ಪಕ್ಕದಲ್ಲಿ. ಪ್ರತಿ ಮನೆಯ ಮುಂದೆಯೂ ಅಂಚಿನ ತನಕ ನೀರು ತುಂಬಿದ ಒಂದು ತಂಬಿಗೆ ಇಟ್ಟಿದ್ದರು. ಮಾಪಕವನ್ನು ಊರು ಪೂರ್ತಿ ನಂಬಿರಲಿಲ್ಲ. ಕಂಟ್ರೋಲ್ ರೂಮುಗಳ ದನಿ ನನ್ನ ಫೋನಿನಲ್ಲಿ ಬರುತ್ತಿತ್ತು. ಅಲ್ಲಿ ಮೂರನೇ ಶಾಫ್ಟಿನ ಕಟ್ಟಡದೊಳಗೆ, ಛಾವಣಿಯ ಕೆಳಗೆ ನನ್ನ ಹೆಂಡತಿ ಕೂತಿದ್ದಳು. ಚಾಲಕರನ್ನು ಬೀದಿಗೆ ತರಲು ಆಗುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅವಳಂತೂ ಹೇಳಿರಲಿಲ್ಲ.

ಭೋಂಗಾ ಕೂಗಿತು. ಒಂದನೇ ಓಣಿಯಲ್ಲಿ ಒಲೆಗಳು ಹತ್ತಿದವು. ಉಳಿದ ಐದು ಓಣಿಯ ಹೆಂಗಸರು, ಗಂಡಸರು ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾದರು.

“ಒಂದನೇ ಶಾಫ್ಟ್, ದೀಪ ಬಂತು. ಹಾಕಿದೆ,” ಎಂದಿತು ಫೋನು. ತಂಬಿಗೆಯ ನೀರು ನೋಡಿದೆ. ನೀರು ಹಾಗೇ ಇತ್ತು. ನಾಲ್ಕು ನಿಮಿಷ. “ಐದನೇದು, ದೀಪ ಬಂತು. ಹಾಕಿದೆ.” ಮತ್ತೆ ನಾಲ್ಕು. ಒಂದು ಓಣಿಯ ಒಲೆಗಳಿಗೆ ಒಂದು ಶಾಫ್ಟಿನ ಭಾರ ಇಳಿದರೆ ಸಾಕಾಗುತ್ತಿತ್ತು. ನಮ್ಮ ಪಾಳಿ ಬಂತು. ಸ್ವಿಚ್ಚು ಒತ್ತಿದೆ. ಹಂಚು ಬಿಸಿಯಾಯಿತು.

“ಮೂರನೇದು. ದೀಪ ಬಂತು.” ಹುಲಿಗೆಮ್ಮನ ದನಿ. “ಹಾಕಿದೆ.”

ಇನ್ನೂರು ಮನೆಯವರು ಇನ್ನೂರು ತಂಬಿಗೆಗಳ ಮೇಲೆ ಬಗ್ಗಿದ್ದೆವು. ಒಂದು ಅಲೆಯೂ ಏಳಲಿಲ್ಲ.

ಆರು ಐವತ್ತಕ್ಕೆ ಶಿವಗಂಗವ್ವನ ಹಂಚು ಕಾದಿತು. ಏಳಾಯಿತು. ಐದು ಭಾರಗಳು ಕೆಟ್ಟ ದಿನದ ಆಳದಲ್ಲೇ ಒಂದೊಂದಾಗಿ ಇಳಿದು ಹೋದವು, ನೆಲ ಸುಮ್ಮನಿತ್ತು. ಮೊದಲು ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ, ಏನೂ ಆಗದಿದ್ದಕ್ಕೆ ಚಪ್ಪಾಳೆ ತಟ್ಟುವ ರೂಢಿ ಯಾರಿಗಿದೆ? ಆಮೇಲೆ ತಂಜೀಲಾ ಪರದೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಓಣಿಯ ಉದ್ದಕ್ಕೂ ಓಡಿದಳು. ಗೆರೆ ಸಪಾಟಾಗಿತ್ತು, ಈ ಸಲ ಯಾರೂ ತೊಳೆಯದೆ. ಜನ ಕೂಗಿದ ಕೂಗಿಗೆ ಎಲ್ಲ ತಂಬಿಗೆಗಳ ನೀರೂ ಚೆಲ್ಲಿತು. ನಾನು ಮೈಮರೆತು ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಎಷ್ಟು ಪರೀಕ್ಷೆ, ಎಷ್ಟು ಫಲಿತಾಂಶ ನೋಡಿದ್ದೇನೆ, ಯಾವುದಕ್ಕೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

ಎಂಟಕ್ಕೆ ಐದು ನಿಮಿಷವಿದ್ದಾಗ ಮೂವರೂ ವರದಿ ಕೊಟ್ಟರು. ಅದರ ಮೊದಲ ಪುಟದಲ್ಲಿ ಫಲಿತಾಂಶವಲ್ಲ, ತಾವು ಮಾಡಿದ ತಪ್ಪು ಬರೆದಿದ್ದರು. ಕೂಟ ನಡೆಸುವ ಹಿರಿಯರೊಬ್ಬರು ಅದು ಕೊನೆಗೆ ಇರಲಿ, ನಿಮ್ಮ ಮುಂದಿನ ನೌಕರಿಯ ದೃಷ್ಟಿಯಿಂದ ಹೇಳುತ್ತೇನೆ ಎಂದರು. ತಂಜೀಲಾ ಒಪ್ಪಲಿಲ್ಲ. ಇಂಥದೇ ಸ್ವಚ್ಛ ಮಾಹಿತಿ ನಂಬಿ ಎಲ್ಲಿ ಯಾವ ಊರು ಮುಚ್ಚುತ್ತಿದ್ದಾರೋ ಗೊತ್ತಿಲ್ಲ, ಅವರು ಮೊದಲ ಪುಟವನ್ನಷ್ಟೇ ಓದಿದರೂ ಸಾಕು ಎಂದಳು. ಗುರುಬಸಯ್ಯನವರು ನಿಂತಲ್ಲೇ ಎರಡು ಸಲ ಓದಿ, ಸಮಿತಿಯ ಮುಂದೆ ಇದನ್ನೇ ಇಡುತ್ತೇನೆ, ಶಾಫ್ಟು ನಿಲ್ಲಿಸುವ ಮಾತೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿದರು. ಆದರೂ ನೋಟಿಸಿಗೆ ಚಾಲಕಿಯ ಉತ್ತರ ಕಡತದಲ್ಲಿ ಇರಲೇಬೇಕಂತೆ, ನಿಯಮ.

ಹುಲಿಗೆಮ್ಮ ಪಾಳಿ ಮುಗಿಸಿ ಮನೆಗೆ ಬಂದು ಕೈಕಾಲು ತೊಳೆದಳು. ನನ್ನ ಎರಡು ಪುಟದ ಕರಡನ್ನು ತೆಗೆದು ಓದಿದಳು. ಮಡಿಚಿ ನನ್ನ ಕೈಗೇ ಕೊಟ್ಟಳು.

“ಹೊಸಾ ಹಾಳಿ ತಗೋರಿ. ನಾ ಹೇಳತೀನಿ, ನೀವು ಬರೀರಿ. ಮಾಸ್ತರಕಿ ಮಾಡಬ್ಯಾಡ್ರಿ, ಹೇಳಿದಷ್ಟ ಬರೀರಿ.”

ಪೆನ್ನು ಹಿಡಿದೆ. ಅವಳು ಗೋಡೆಗೆ ಒರಗಿ ಕೂತು ಹೇಳಿದಳು.

“ನಾನು ಬ್ರೇಕ್ ಬರೋಬ್ಬರಿ ಹೊತ್ತಿಗೇ ಹಾಕೀನಿ. ಐದೂ ಮಂದಿ ಬರೋಬ್ಬರಿ ಹೊತ್ತಿಗೇ ಹಾಕೀವಿ. ಅದಕ್ಕ ಭೂಮಿ ನಡುಗತು.”

ಅಷ್ಟನ್ನೇ ಬರೆದೆ. ಅವಳು ಕಾಗದ ಇಸಿದುಕೊಂಡು, ಕೆಳಗೆ ದಪ್ಪ ಅಕ್ಷರದಲ್ಲಿ ಸಹಿ ಹಾಕಿದಳು: ಹುಲಿಗೆಮ್ಮ, ಚಾಲಕಿ, ಮೂರನೇ ಶಾಫ್ಟ್.